ಅಮ್ಮನ ಬೀಡಿ ಲೆಕ್ಕಕ್ಕೆ ಪುಕ್ಕಟೆ ಕತ್ತರಿ

ಬಿಸಿಎ ಕೊನೆಯ ವರ್ಷದ ಪ್ರಾಜೆಕ್ಟಿಗೆ ಗೆಳತಿಯರೆಲ್ಲ ಲೈಬ್ರರಿ, ಆಸ್ಪತ್ರೆ ಅಂತ ಹೊರಟರೆ ನಾನು ಆರಿಸಿಕೊಂಡದ್ದು ಅಮ್ಮನ ಬೀಡಿ ಲೆಕ್ಕವನ್ನು. ತೊಕ್ಕೊಟ್ಟಿನ ನಮ್ಮ ಮನೆಯ ಜಗಲಿಯಲ್ಲಿ ತಡ್ಪೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುವ ಅಮ್ಮನಿಗೆ ತಂದ ಎಲೆ ಎಷ್ಟು, ಹೊಗೆಸೊಪ್ಪು ಎಷ್ಟು, ಬ್ರಾಂಚಿಗೆ ಕೊಟ್ಟ ಬೀಡಿ ಎಷ್ಟು, ಸರಿಯಿಲ್ಲವೆಂದು ವಾಪಸ್ ಬಂದದ್ದೆಷ್ಟು ಎಂಬುದೆಲ್ಲ ಫೋನಿನಲ್ಲೇ ಸಿಗಬೇಕು ಎಂಬುದು ನನ್ನ ಆಸೆ.

ಒಂದೂವರೆ ತಿಂಗಳು ಅಮ್ಮ ಖುಷಿಯಿಂದಲೇ ಬಳಸಿದರು. ಆಮೇಲೆ ಆ ಹಳೇ ಫೋನು ಜಾಗವಿಲ್ಲ ಎಂದು ದಿನಾ ರಗಳೆ ತೆಗೆಯಿತು. ಅಣ್ಣನ ಮಗುವಿನ ಫೋಟೊ ಅಳಿಸಲು ಅಮ್ಮ ಸುತರಾಂ ಒಪ್ಪಲಿಲ್ಲ. "ನಿನ್ನ ಆಪನ್ನೇ ಸಣ್ಣ ಮಾಡು ಮಾರಾಯ್ತಿ" ಅಂದರು.

ಆಗ ಸಿಕ್ಕಿದ್ದು ಪ್ರೊಗಾರ್ಡ್. ಬೆಲ್ಜಿಯಂನ ಎರಿಕ್ ಲಫಾರ್ಚೂನ್ 2002ರಲ್ಲಿ ಬಿಡುಗಡೆ ಮಾಡಿದ, ಕಾಸು ಕೇಳದ ಸಾಧನ. ಆಂಡ್ರಾಯ್ಡ್ ಆಪ್ ಬರೆಯುವ ನಮಗಂತೂ 2019ರವರೆಗೆ ಕೈಗೆಟುಕುವಲ್ಲೇ ಇತ್ತು. ಒಂದು ಸಾಲಿನಲ್ಲಿ 'ಫಾಲ್ಸ್' ಇದ್ದದ್ದನ್ನು 'ಟ್ರೂ' ಮಾಡಿದರಾಗುತ್ತಿತ್ತು. ನಾವು ಒಂದು ಕಾಯಿ ಬೇಕೆಂದು ಇಡೀ ತೋಟವನ್ನೇ ಹೊತ್ತು ತರುವವರಲ್ಲವೇ? ಯಾರೋ ಬರೆದ ದೊಡ್ಡ ಕೋಡ್ ತಂದು, ಅದರಲ್ಲಿ ನಾಲ್ಕು ಕೆಲಸ ಮಾತ್ರ ಮಾಡಿಸಿಕೊಳ್ಳುತ್ತೇವೆ. ಪ್ರೊಗಾರ್ಡ್ ಆಪ್ ಶುರುವಾಗುವ ಜಾಗದಿಂದ ಹೊರಟು, ಯಾವುದನ್ನು ಯಾವುದು ಕರೆಯುತ್ತದೆಂದು ನೋಡುತ್ತಾ ಹೋಗಿ, ಯಾರೂ ಕರೆಯದ್ದನ್ನು ಕತ್ತರಿಸಿ ಬಿಸಾಡುತ್ತದೆ. ಉಳಿದವುಗಳ ಉದ್ದುದ್ದ ಹೆಸರನ್ನು ಎ, ಬಿ, ಸಿ ಎಂದು ಬದಲಾಯಿಸುತ್ತದೆ. ಇದರಿಂದ ಗಾತ್ರವೂ ಇಳಿಯುತ್ತದೆ, ಬಿಚ್ಚಿ ನೋಡುವವನಿಗೆ ತಲೆಬುಡವೂ ತಿಳಿಯುವುದಿಲ್ಲ. (ತಾಳ್ಮೆ ಇದ್ದವನು ಬಿಡಿಸಿಯಾನು, ಅದು ಬೇರೆ ಮಾತು. ಇದು ಬೀಗವಲ್ಲ.)

ನನ್ನ ಆಪ್ ಅರ್ಧಕ್ಕಿಂತ ಕಡಿಮೆಯಾಯಿತು! ಅಮ್ಮನ ಫೋನಿಗೆ ಹಾಕಿಕೊಟ್ಟು ಕಾಲೇಜಿಗೆ ಓಡಿದೆ.

ಸಂಜೆ ಬಂದಾಗ ಅಮ್ಮನ ಮುಖ ಸಪ್ಪಗಿತ್ತು. "ನಾನು ಎಂತದೂ ಒತ್ತಲಿಲ್ಲ, ಎಲ್ಲ ಸೊನ್ನೆ ತೋರಿಸ್ತದೆ." ಒಂದೂವರೆ ತಿಂಗಳ ಲೆಕ್ಕ! ನನ್ನ ಎದೆ ಧಸಕ್ಕೆಂದಿತು.

ತಪ್ಪು ನನ್ನದೇ. ಲೆಕ್ಕವನ್ನು ನಾನು ಹೆಸರಿನ ಸಮೇತ ಉಳಿಸಿದ್ದೆ. ಪ್ರೊಗಾರ್ಡ್ ಆ ಹೆಸರುಗಳನ್ನೂ ಬದಲಾಯಿಸಿತ್ತು. ಹೊಸ ಆಪ್ ಹೋಗಿ 'ಎ' ಎಲ್ಲಿ ಎಂದು ಹುಡುಕಿದರೆ ಫೋನಿನಲ್ಲಿ ಇರುವುದು 'ಎಲೆ'. ಯಾವುದನ್ನು ಮುಟ್ಟಬಾರದೆಂದು 'ಕೀಪ್' ಎಂಬ ಸಾಲು ಬರೆದು ಹೇಳಬೇಕಿತ್ತು, ನಾನು ಹೇಳಿರಲಿಲ್ಲ. ಯಾವ ಹೆಸರು ಏನಾಯಿತೆಂಬ ಪಟ್ಟಿಯನ್ನು ಅದು ಒಂದು ಫೈಲಿನಲ್ಲಿ ಪ್ರಾಮಾಣಿಕವಾಗಿ ಬರೆದಿಟ್ಟಿತ್ತು. ನಾನು ತೆರೆದೇ ನೋಡಿರಲಿಲ್ಲ.

ಪುಣ್ಯಕ್ಕೆ ಅಮ್ಮ ಹೆದರಿ ಆ ದಿನದ ಲೆಕ್ಕ ಬರೆದಿರಲಿಲ್ಲ. ಬರೆದಿದ್ದರೆ ಹಳೆಯದರ ಮೇಲೇ ಸೊನ್ನೆ ಕೂರುತ್ತಿತ್ತು. ಸಾಲು ಸೇರಿಸಿ ಮತ್ತೆ ಹಾಕಿದೆ. ಅಂಕಿಗಳೆಲ್ಲ ವಾಪಸ್ ಬಂದವು, ಗಾತ್ರ ಇಳಿದದ್ದು ಹಾಗೇ ಉಳಿಯಿತು.

ಅಮ್ಮ ಒಳಗಿಂದ ಪಾಸ್‌ಬುಕ್ ತಂದು ಸಾಲು ಸಾಲಾಗಿ ತಾಳೆ ನೋಡಿದರು. ಈಗಲೂ ವಾರಕ್ಕೊಮ್ಮೆ ನೋಡುತ್ತಾರೆ.