ಬೆಳೆಯುವ ಸಿರಿ ಮೊಳಕೆಯಲ್ಲಿ ಕಾಣುವುದೇ?
ಎಳೆಯ ವೇಗದ ಬೌಲರನನ್ನು ಅಳೆಯುವ ಬಗೆ

ಗಂಗಾವತಿ ಸೀಮೆಯಲ್ಲಿ ಭತ್ತ ಬೆಳೆಯುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಚೀಲದಿಂದ ಒಂದೇ ಒಂದು ಕಾಳು ತೆಗೆದು, ಅದು ಮೊಳೆಯಿತೋ ಇಲ್ಲವೋ ಎಂದು ನೋಡಿ ಇಡೀ ಚೀಲದ ಬೆಲೆ ಕಟ್ಟಲಾಗದು. ಚೀಲದ ಬೇರೆ ಬೇರೆ ಭಾಗಗಳಿಂದ ಎತ್ತಿದ ನೂರು ಕಾಳುಗಳನ್ನು ಒದ್ದೆ ಗೋಣಿಬಟ್ಟೆಯಲ್ಲಿ ಸುತ್ತಿಟ್ಟು, ಮೊಳೆತದ್ದು ಎಷ್ಟು ಎಂದು ಎಣಿಸಬೇಕು. ಪ್ರಮಾಣಿತ ಭತ್ತದ ಬೀಜವಾದರೆ ನೂರಕ್ಕೆ ಕನಿಷ್ಠ 80 ಕಾಳು ಮೊಳೆಯಬೇಕೆಂಬ ನಿಯಮವೇ ಇದೆ. ಕಾಳಿಗೆ ಇಷ್ಟು ನ್ಯಾಯ ಸಲ್ಲಿಸುವ ನಾವು, ಚೆಂಡು ಹಿಡಿದು ಓಡಿ ಬರುವ ಹದಿನೈದರ ಹುಡುಗನಿಗೆ ಎಷ್ಟು ನ್ಯಾಯ ಸಲ್ಲಿಸುತ್ತೇವೆ?

ಯಲಬುರ್ಗಾದ ಒಬ್ಬ ಹುಡುಗ, ಕುಷ್ಟಗಿಯ ಒಬ್ಬ ಹುಡುಗಿ ಬೆಳಗಿನ ಬಸ್ಸು ಹಿಡಿದು ದೂರದ ಆಯ್ಕೆ ಶಿಬಿರಕ್ಕೆ ಹೋದರೆನ್ನಿ. ಸಾಲಿನಲ್ಲಿ ನಿಂತು ಕಾದ ಮೇಲೆ ಅವರಿಗೆ ಸಿಗುವುದು ಎರಡು ಓವರ್, ಅಂದರೆ 12 ಎಸೆತ. ಅಷ್ಟರಲ್ಲೇ 'ಇವನಲ್ಲಿ ಏನೋ ಇದೆ' ಅಥವಾ 'ಇವಳಿಂದ ಆಗದು' ಎಂಬ ತೀರ್ಪು ಹೊರಬೀಳಬಹುದು. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎನ್ನುತ್ತದೆ ನಮ್ಮ ಗಾದೆ. ಮೊಳಕೆಯಲ್ಲಿ ಸಿರಿ ಕಾಣುವುದು ನಿಜವಿರಬಹುದು. ಆದರೆ ಮೊಳಕೆಯ ಯಾವ ಭಾಗವನ್ನು, ಎಷ್ಟು ದಿನ ನೋಡಬೇಕು ಎಂಬುದೇ ಇಲ್ಲಿನ ಪ್ರಶ್ನೆ. ವಿಜ್ಞಾನದ ಕಣ್ಣಿನಿಂದ ಅದನ್ನು ಪರಿಶೀಲಿಸೋಣ.

ಇಪ್ಪತ್ತು ಮಂದಿಯ ಲೆಕ್ಕ

ಮೊದಲು ವಿಕೆಟ್‌ಗಳ ವಿಷಯ. ಸಮಾನ ಸಾಮರ್ಥ್ಯದ 20 ಬೌಲರುಗಳಿದ್ದಾರೆಂದು ಭಾವಿಸಿ. ಪ್ರತಿಯೊಬ್ಬನೂ ಸರಾಸರಿ 30 ಎಸೆತಕ್ಕೆ ಒಂದು ವಿಕೆಟ್ ಪಡೆಯಬಲ್ಲವನು. ಒಂದು ದಿನ ಎಲ್ಲರೂ ತಲಾ 10 ಓವರ್, ಅಂದರೆ 60 ಎಸೆತ ಹಾಕುತ್ತಾರೆ. ಲೆಕ್ಕದಂತೆ ಪ್ರತಿಯೊಬ್ಬನಿಗೂ 2 ವಿಕೆಟ್ ಬರಬೇಕು. ಆದರೆ ಹಾಗಾಗುವುದಿಲ್ಲ. ಸಂಭವನೀಯತೆಯ ಸೂತ್ರ ಹಾಕಿ ನೋಡಿದರೆ ಒಬ್ಬನಿಗೆ 5 ಅಥವಾ ಹೆಚ್ಚು ವಿಕೆಟ್ ಸಿಗುವ ಸಾಧ್ಯತೆ ಸುಮಾರು ನೂರಕ್ಕೆ 5. ಒಂದೂ ಸಿಗದಿರುವ ಸಾಧ್ಯತೆ ಸುಮಾರು ನೂರಕ್ಕೆ 13.

ಇದರ ಅರ್ಥವೇನು? ಈ 20 ಮಂದಿಯಲ್ಲಿ ಒಬ್ಬ ಐದು ವಿಕೆಟ್ ಪಡೆದು ಮರುದಿನದ ಪತ್ರಿಕೆಯಲ್ಲಿ ಮಿಂಚುತ್ತಾನೆ. ಇಬ್ಬರೋ ಮೂವರೋ ಬರಿಗೈಲಿ ಊರಿಗೆ ಮರಳುತ್ತಾರೆ. ಅವರ ಸಾಮರ್ಥ್ಯದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಆ ದಿನದ ಅದೃಷ್ಟದಲ್ಲಿ. ಒಂದು ಪಂದ್ಯದ ವಿಕೆಟ್ ಪಟ್ಟಿ ನೋಡಿ ಭವಿಷ್ಯ ನುಡಿಯುವುದೆಂದರೆ ಒಂದೇ ಕಾಳಿನಿಂದ ಚೀಲದ ಬೆಲೆ ಕಟ್ಟಿದಂತೆ.

ಶ್ರೀನಾಥ್ ನೀಡುವ ಪಾಠ

ನಮ್ಮದೇ ನಾಡಿನ ಉದಾಹರಣೆ ಜಾವಗಲ್ ಶ್ರೀನಾಥ್. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಈ ಯುವಕನನ್ನು ಕ್ಲಬ್ ಪಂದ್ಯವೊಂದರಲ್ಲಿ ಗುರುತಿಸಿದವರು ಜಿ.ಆರ್. ವಿಶ್ವನಾಥ್. 1989-90ರಲ್ಲಿ ಹೈದರಾಬಾದ್ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಶ್ರೀನಾಥ್ ಹ್ಯಾಟ್ರಿಕ್ ಪಡೆದರು. ಮೊಳಕೆಯಲ್ಲೇ ಸಿರಿ ಕಂಡಿತು ಎನ್ನಬೇಕಲ್ಲವೇ?

ಮುಂದೇನಾಯಿತು ನೋಡಿ. 1991-92ರ ಆಸ್ಟ್ರೇಲಿಯಾ ಪ್ರವಾಸದ ಐದು ಟೆಸ್ಟ್‌ಗಳಲ್ಲಿ ಅವರಿಗೆ ದೊರೆತದ್ದು 10 ವಿಕೆಟ್, ಪ್ರತಿ ವಿಕೆಟ್‌ಗೆ 55 ರನ್ನಿನ ಬೆಲೆಯಲ್ಲಿ. ಅಂಕಿ ಮಾತ್ರ ನೋಡುವವರು ಅಲ್ಲಿಗೇ ಪುಸ್ತಕ ಮುಚ್ಚಬಹುದಿತ್ತು. ಸ್ವದೇಶದಲ್ಲಿ ಮೊದಲ ಟೆಸ್ಟ್ ಆಡಲು ಅವರು 1994ರ ನವೆಂಬರ್‌ವರೆಗೆ ಕಾಯಬೇಕಾಯಿತು. 1996ರಲ್ಲಿ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 21 ರನ್ನಿಗೆ 6 ವಿಕೆಟ್; 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆ; 1999ರಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಪಂದ್ಯದಲ್ಲಿ 13 ವಿಕೆಟ್. ನಿವೃತ್ತರಾದಾಗ ಅವರ ಹೆಸರಿನಲ್ಲಿದ್ದದ್ದು 67 ಟೆಸ್ಟ್‌ಗಳಿಂದ 236 ವಿಕೆಟ್, ಏಕದಿನ ಪಂದ್ಯಗಳಲ್ಲಿ 315 ವಿಕೆಟ್. ಆರಂಭದ ಹ್ಯಾಟ್ರಿಕ್ಕಾಗಲೀ ಅನಂತರದ 55 ರನ್ನಿನ ಸರಾಸರಿಯಾಗಲೀ ಅವರ ಪೂರ್ಣ ಕಥೆ ಹೇಳಲಿಲ್ಲ.

ವೇಗವೇ ಎಲ್ಲವೂ ಅಲ್ಲ

ವಿಕೆಟ್ ಬಿಡಿ, ವೇಗವನ್ನು ಯಂತ್ರದಿಂದ ಅಳೆಯಬಹುದಲ್ಲ ಎಂದು ನೀವು ಕೇಳಬಹುದು. ಅಳೆಯಬಹುದು, ವೇಗಕ್ಕೆ ಬೆಲೆಯೂ ಇದೆ. ಎರಡು ಪಾಪಿಂಗ್ ಕ್ರೀಸ್‌ಗಳ ನಡುವಿನ ದೂರ 17.68 ಮೀಟರ್. ಗಂಟೆಗೆ 120 ಕಿಲೋಮೀಟರ್ ವೇಗದ ಚೆಂಡು ಈ ದೂರವನ್ನು 0.53 ಸೆಕೆಂಡಿನಲ್ಲಿ ಕ್ರಮಿಸುತ್ತದೆ. 140ರ ವೇಗದ್ದು ಸುಮಾರು 0.45 ಸೆಕೆಂಡಿನಲ್ಲಿ. ಗಾಳಿಯ ತಡೆ, ನೆಲದ ಪುಟಿತ ಸೇರಿದರೆ ಎರಡೂ ಸ್ವಲ್ಪ ಹೆಚ್ಚಾಗುತ್ತವೆ. ಸೆಕೆಂಡಿನ ನೂರರಲ್ಲಿ ಏಳೆಂಟು ಭಾಗದ ಈ ವ್ಯತ್ಯಾಸ ಬ್ಯಾಟುಗಾರನಿಗೆ ಬಹಳ ದೊಡ್ಡದು. ಸೆಕೆಂಡಿಗೆ 25 ಚೌಕಟ್ಟು ತೆಗೆಯುವ ದೂರದರ್ಶನದ ಕ್ಯಾಮೆರಾದಲ್ಲಿ, 130ರ ವೇಗದ ಚೆಂಡು ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಸುಮಾರು ಒಂದೂವರೆ ಮೀಟರ್ ಜಿಗಿದಿರುತ್ತದೆ!

ಆದರೂ ದಾವಣಗೆರೆಯ ಆರ್. ವಿನಯ್ ಕುಮಾರ್ ಅವರನ್ನು ನೆನೆಯಿರಿ. ವೇಗ ಸಾಲದೆಂಬ ಮಾತು ಅವರ ಬೆನ್ನು ಬಿಡಲಿಲ್ಲ. ಟೆಸ್ಟ್ ಆಡಿದ್ದು ಒಂದೇ, 2012ರಲ್ಲಿ ಪರ್ತ್‌ನಲ್ಲಿ. ಆದರೆ ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ ಅವರು ಪಡೆದದ್ದು 504 ವಿಕೆಟ್. 2013-14 ಮತ್ತು 2014-15ರಲ್ಲಿ ಸತತ ಎರಡು ಬಾರಿ ಕರ್ನಾಟಕ ರಣಜಿ ಟ್ರೋಫಿ ಗೆದ್ದಾಗ ನಾಯಕರಾಗಿದ್ದವರೂ ಅವರೇ. ವೆಂಕಟೇಶ್ ಪ್ರಸಾದ್ ಕೂಡ ಬರಿಯ ವೇಗವನ್ನು ನಂಬಿದವರಲ್ಲ. ಲೆಗ್ ಕಟರ್ ಮತ್ತು ನಿಧಾನಗತಿಯ ಎಸೆತಗಳು ಅವರ ಆಯುಧ. 1999ರ ಚೆನ್ನೈ ಟೆಸ್ಟ್‌ನಲ್ಲಿ ಪಾಕಿಸ್ತಾನದ 6 ವಿಕೆಟ್‌ಗಳನ್ನು 33 ರನ್ನಿಗೆ ಕಿತ್ತವರು ಅವರು.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಹಳ್ಳಿಯ ಮೈದಾನದಲ್ಲಿ ಟೆನಿಸ್ ಚೆಂಡಿನ ಆಟವೇ ಹೆಚ್ಚು. ಟೆನಿಸ್ ಚೆಂಡಿನ ತೂಕ ಸುಮಾರು 58 ಗ್ರಾಂ, ಕ್ರಿಕೆಟ್ ಚೆಂಡಿನದು 156ರಿಂದ 163 ಗ್ರಾಂ. ಮೇಲೆದ್ದ ಹೊಲಿಗೆಯೂ ಟೆನಿಸ್ ಚೆಂಡಿಗಿಲ್ಲ. ಅದರಲ್ಲಿ ಪಳಗಿದ ಹುಡುಗ ತೊಗಲಿನ ಚೆಂಡು ಹಿಡಿದ ಮೊದಲ ದಿನವೇ ತಡವರಿಸಿದರೆ ಅದು ಅಭ್ಯಾಸದ ಕೊರತೆಯೇ ಹೊರತು ಶಕ್ತಿಯ ಕೊರತೆಯಲ್ಲ.

ವಯಸ್ಸಿನ ಮಾಯೆ

ಹದಿನಾಲ್ಕರ ಹರೆಯದಲ್ಲಿ ಇಬ್ಬರು ಸಹಪಾಠಿಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿ. ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬ ಇನ್ನೂ ಮಗುವಿನಂತಿರುತ್ತಾನೆ. ಬೇಗ ಬೆಳೆದವನು ಇಂದು ವೇಗವಾಗಿ ಎಸೆಯುತ್ತಾನೆ. ಎರಡು ಮೂರು ವರ್ಷಗಳಲ್ಲಿ ಮತ್ತೊಬ್ಬ ಅವನ ಸಮಕ್ಕೆ ಬೆಳೆದಾಗ ಆ ಅನುಕೂಲ ಕರಗಿಹೋಗುತ್ತದೆ. ವಯೋಮಿತಿಗೆ ಒಂದು ದಿನಾಂಕ ಗೊತ್ತುಮಾಡಿದಾಗಲೂ ಹೀಗೆಯೇ: ಆ ದಿನಾಂಕದ ಆಚೆ ಈಚೆ ಹುಟ್ಟಿದವರ ನಡುವೆ ಒಂದೇ ಗುಂಪಿನಲ್ಲಿ ಸುಮಾರು ಒಂದು ವರ್ಷದ ಅಂತರವಿರುತ್ತದೆ. ಕೆನಡಾದ ಐಸ್ ಹಾಕಿ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿರುವುದನ್ನು ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲಿ ತೋರಿಸಿಕೊಟ್ಟರು. ಅಲ್ಲಿ ವಯೋಮಿತಿಯ ಎಣಿಕೆ ಜನವರಿ 1ರಿಂದ. ಪ್ರತಿಭೆಯೆಂದು ಆಯ್ದದ್ದು ಎಷ್ಟೋ ಬಾರಿ ಬರಿಯ ಹಿರಿತನವಾಗಿತ್ತು.

ವಯಸ್ಸು ಮುಚ್ಚಿಟ್ಟು ಆಡಿಸುವುದು ಇದಕ್ಕಿಂತ ಕೆಟ್ಟದ್ದು. ಇದನ್ನು ತಡೆಯಲು ಭಾರತೀಯ ಕ್ರಿಕೆಟ್ ಮಂಡಳಿ 2012ರಿಂದ ಎಡ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸನ್ನು ಅಂದಾಜು ಮಾಡುವ ವಿಧಾನವನ್ನು ಜಾರಿಗೆ ತಂದಿತು. ಇತ್ತ ತಡವಾಗಿ ಬಂದವರಿಗೂ ಬಾಗಿಲು ಮುಚ್ಚಿಲ್ಲ. ಅಭಿಮನ್ಯು ಮಿಥುನ್ ಹದಿನೇಳರವರೆಗೆ ಡಿಸ್ಕಸ್ ಎಸೆತಗಾರ. 2009ರಲ್ಲಿ ಉತ್ತರ ಪ್ರದೇಶದ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲಿ ಹ್ಯಾಟ್ರಿಕ್ ಸೇರಿ 11 ವಿಕೆಟ್ ಪಡೆದು, 2010ರಲ್ಲಿ ಭಾರತಕ್ಕೆ ಟೆಸ್ಟ್ ಆಡಿದರು.

ಹಾಗಾದರೆ ಏನನ್ನು ನೋಡಬೇಕು?

ಮೊದಲನೆಯದು, ಪುನರಾವರ್ತನೆ. ಮೂವತ್ತು ಬಾರಿ ಓಡಿ ಬಂದಾಗ ಮೂವತ್ತು ಬಾರಿಯೂ ಹೆಜ್ಜೆ, ಜಿಗಿತ, ತೋಳಿನ ಚಲನೆ ಒಂದೇ ತೆರನಾಗಿವೆಯೇ? ದಣಿದ ಮೇಲೂ ಹಾಗೆಯೇ ಉಳಿಯುತ್ತವೆಯೇ?

ಎರಡನೆಯದು, ಮಣಿಕಟ್ಟು. ಚೆಂಡು ಕೈಬಿಟ್ಟಾಗ ಹೊಲಿಗೆ ನೆಟ್ಟಗೆ ನಿಂತು ತಿರುಗುತ್ತಿದೆಯೇ, ಇಲ್ಲ ತೂರಾಡುತ್ತಿದೆಯೇ? ಇದು ಅಂದಿನ ವಿಕೆಟ್ ಎಣಿಕೆಯನ್ನು ಅವಲಂಬಿಸಿಲ್ಲ. ಬ್ಯಾಟುಗಾರ ಬೌಂಡರಿ ಹೊಡೆದ ಎಸೆತದಲ್ಲೂ ಇದನ್ನು ಕಾಣಬಹುದು.

ಮೂರನೆಯದು, ಕಲಿಕೆ. ಇಂದು ಒಂದು ತಿದ್ದುಪಡಿ ಹೇಳಿಕೊಟ್ಟು ಎರಡು ವಾರ ಬಿಟ್ಟು ಮತ್ತೆ ನೋಡಿದರೆ ಏನಾದರೂ ಬದಲಾಗಿದೆಯೇ? ಸತತ ಎರಡು ಬೌಂಡರಿ ಹೊಡೆಸಿಕೊಂಡ ಮೇಲೆ ಮೂರನೆಯ ಎಸೆತ ಎಲ್ಲಿ ಬೀಳುತ್ತದೆ? ಒಂದೇ ದಿನದ ಶಿಬಿರ ಈ ಕಲಿಕೆಯನ್ನು ಅಳೆಯಲಾರದು. ಅದಕ್ಕೆ ಎರಡನೆಯ, ಮೂರನೆಯ ಭೇಟಿ ಬೇಕೇ ಬೇಕು.

ಬೆನ್ನು ಉಳಿದರೆ ಭವಿಷ್ಯ

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ದೇಹ. ವೇಗದ ಬೌಲರ್ ಮುಂಗಾಲನ್ನು ನೆಲಕ್ಕೂರಿದಾಗ ಅವನ ತೂಕದ ಐದಾರು ಪಟ್ಟು ಬಲ ಕಾಲಿನ ಮೂಲಕ ಬೆನ್ನಿಗೇರುತ್ತದೆ. ಸೊಂಟ ಒಂದು ದಿಕ್ಕಿಗೆ, ಭುಜ ಇನ್ನೊಂದು ದಿಕ್ಕಿಗೆ ತಿರುಗಿದ್ದರೆ ಬೆನ್ನೆಲುಬು ಹಿಂಡಿದಂತಾಗುತ್ತದೆ. ಬೆಳೆಯುತ್ತಿರುವ ಮೂಳೆ ಇದನ್ನು ದಿನವೂ ತಾಳಲಾರದೆ ಕ್ರಮೇಣ ಬಿರುಕು ಬಿಡುತ್ತದೆ. ಆಸ್ಟ್ರೇಲಿಯಾದ ಡೆನಿಸ್ ಲಿಲಿ ಅವರ ಬೆನ್ನು 1973ರಲ್ಲಿ ಹೀಗೆಯೇ ಬಿರುಕು ಬಿಟ್ಟಿತ್ತು. ನಮ್ಮ ಪ್ರಸಿದ್ಧ್ ಕೃಷ್ಣ 2023ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, 2025ರ ಐಪಿಎಲ್‌ನಲ್ಲಿ 25 ವಿಕೆಟ್‌ಗಳೊಂದಿಗೆ ಎಲ್ಲರಿಗಿಂತ ಮುಂದಿದ್ದರು. ಅವರ ಬೆನ್ನ ಹಿಂದೆ ವೈದ್ಯರ, ತರಬೇತುದಾರರ ಪಡೆಯೇ ಇತ್ತು. ಕುಷ್ಟಗಿಯ ಹಳ್ಳಿಯೊಂದರ ಹುಡುಗನಿಗೆ ಅಂಥ ಪಡೆ ಎಲ್ಲಿಂದ ಬರಬೇಕು? ಅವನಿಗೆ ಮಿತಿಯೇ ಮದ್ದು.

ಇಂಗ್ಲೆಂಡಿನ ಕ್ರಿಕೆಟ್ ಮಂಡಳಿಯ ಮಾರ್ಗಸೂಚಿಯಲ್ಲಿ 13 ವರ್ಷದೊಳಗಿನ ವೇಗದ ಬೌಲರಿಗೆ ಗೊತ್ತುಪಡಿಸಿದ ಮಿತಿ ಒಂದು ಸರದಿಗೆ 5 ಓವರ್, ದಿನಕ್ಕೆ 10. ಕ್ರಿಕೆಟ್ಟಿನ ಬೌಲರ್ ಇದ್ದಂತೆ ಅಮೆರಿಕದ ಬೇಸ್‌ಬಾಲ್‌ನಲ್ಲಿ ಪಿಚರ್ ಇರುತ್ತಾನೆ. ಅಲ್ಲಿ 2014ರಲ್ಲಿ ಹೊರಬಂದ ಮಾರ್ಗಸೂಚಿಯಂತೆ 11-12 ವಯಸ್ಸಿನವರಿಗೆ ದಿನಕ್ಕೆ 85 ಎಸೆತ, 13-14ರವರಿಗೆ 95 ಎಸೆತ ಗರಿಷ್ಠ. ಭವಿಷ್ಯ ನುಡಿಯುವುದರಲ್ಲಿ ಆ ಶ್ರೀಮಂತ ದೇಶವೂ ಎಡವಿದೆ. 1991ರಲ್ಲಿ ದೇಶದ ಎಲ್ಲ ಹೊಸಬರಿಗಿಂತ ಮೊದಲು ಆಯ್ಕೆಯಾದ ಬ್ರಿಯನ್ ಟೇಲರ್ 1993ರಲ್ಲಿ ಭುಜಕ್ಕೆ ಪೆಟ್ಟು ಮಾಡಿಕೊಂಡು, ಉನ್ನತ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 1998ರಲ್ಲಿ 38ನೆಯ ಸುತ್ತಿನಲ್ಲಿ ಆಯ್ಕೆಯಾದ ಮಾರ್ಕ್ ಬರ್ಲಿ ಮಹಾವೇಗಕ್ಕೆ ಹೆಸರಾದವನಲ್ಲ. ಅವನು ಗೆದ್ದುಕೊಟ್ಟ ಪಂದ್ಯಗಳು 214.

ತೀರ್ಪು ಹೇಳುವಾಗ ದಾರಿಯನ್ನೂ ತೋರಿಸಬಹುದು. ಮದ್ರಾಸಿನಲ್ಲಿ 1987ರಲ್ಲಿ ಆರಂಭವಾದ ಎಂಆರ್‌ಎಫ್ ಪೇಸ್ ಫೌಂಡೇಷನ್‌ಗೆ ವೇಗದ ಬೌಲರ್ ಆಗಲು ಹೋದ ಒಬ್ಬ ಹುಡುಗನಿಗೆ ಇದೇ ಲಿಲಿ ಬ್ಯಾಟಿಂಗ್ ಕಡೆ ಗಮನ ಕೊಡುವಂತೆ ಹೇಳಿದರು. ಆ ಹುಡುಗ ಸಚಿನ್ ತೆಂಡೂಲ್ಕರ್.

ನೀವೇ ಮಾಡಿ ನೋಡಿ

ಒಂದು: ತರಗತಿಯ 40 ಮಂದಿ ತಲಾ ಎರಡು ದಾಳಗಳನ್ನು ಜೋಡಿಯಾಗಿ 60 ಬಾರಿ ಉರುಳಿಸಿ. ಎರಡರಲ್ಲೂ ಆರು ಬಿದ್ದರೆ ಒಂದು 'ವಿಕೆಟ್'. ಸುಮಾರು ಏಳು ಮಂದಿಗೆ ಸೊನ್ನೆ, ಮೂರು ನಾಲ್ಕು ಮಂದಿಗೆ ನಾಲ್ಕು ಅಥವಾ ಅದಕ್ಕೂ ಹೆಚ್ಚು ಬರುವ ಸಂಭವವಿದೆ. ಅವರಲ್ಲಿ 'ಪ್ರತಿಭಾವಂತ' ಯಾರು?

ಎರಡು: ಪಿಚ್ ಮೇಲೆ ಸುಣ್ಣದಿಂದ ಒಂದು ಚೌಕ ಬರೆದು ವಾರಕ್ಕೊಮ್ಮೆ 30 ಎಸೆತ ಹಾಕಿ. ಚೌಕದೊಳಗೆ ಬಿದ್ದದ್ದೆಷ್ಟು ಎಂದು ಎಂಟು ವಾರ ನೋಟುಪುಸ್ತಕದಲ್ಲಿ ಬರೆದು, ರೇಖಾಚಿತ್ರ ಎಳೆಯಿರಿ. ಒಂದು ವಾರದ ಅಂಕಿಗಿಂತ ರೇಖೆಯ ಏರಿಳಿತವನ್ನು ಗಮನಿಸಿ.

ಮೂರು: ದಿನಕ್ಕೆ ಎಷ್ಟು ಓವರ್ ಹಾಕಿದಿರಿ ಎಂಬುದನ್ನು ಅದೇ ಪುಸ್ತಕದಲ್ಲಿ ಬರೆದಿಡಿ, ಪಂದ್ಯದ್ದೂ ಅಭ್ಯಾಸದ್ದೂ ಎರಡೂ ಸೇರಲಿ. ಕೆಳಬೆನ್ನಿನಲ್ಲಿ ನೋವು ಕಾಣಿಸಿ ಬೌಲಿಂಗ್ ಮಾಡಿದಾಗಲೆಲ್ಲ ಹೆಚ್ಚುತ್ತಿದ್ದರೆ ಎಣ್ಣೆ ತಿಕ್ಕಿಕೊಂಡು ಮತ್ತೆ ಮೈದಾನಕ್ಕಿಳಿಯಬೇಡಿ. ಬೌಲಿಂಗ್ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಮುಂದಿನ ಬಾರಿ ಆಯ್ಕೆ ಶಿಬಿರಕ್ಕೆ ಹೊರಟಾಗ ಈ ನೋಟುಪುಸ್ತಕವೂ ನಿಮ್ಮ ಚೀಲದಲ್ಲಿರಲಿ. ಆಯ್ಕೆಗಾರರು ಕಾಣುವುದು 12 ಎಸೆತ ಮಾತ್ರ. ಎಂಟು ವಾರಗಳ 240 ಎಸೆತಗಳ ಲೆಕ್ಕ ನಿಮ್ಮ ಬಳಿ ಇರುತ್ತದೆ. ಆಯ್ಕೆಯಾಗದೆ ಮರಳಿದರೂ ಒಂಬತ್ತನೆಯ ವಾರದ ಪುಟ ಖಾಲಿ ಬಿಡಬೇಡಿ.