ಲೋಟ ಬಿಡಿ, ಚಮಚ ಹಿಡಿಯಿರಿ

ಮಗುವಿಗೆ ಬೆಳಗಿನಿಂದ ಭೇದಿ. ಓಆರ್‌ಎಸ್ ಲೋಟ ಕಂಡರೆ ಮುಖ ತಿರುಗಿಸುತ್ತೆ, ಕುಡಿದದ್ದೂ ವಾಂತಿ. ಗದರಬೇಡಿ. 10 ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚ ಕೊಡಿ. ಕೈ ಸೋಲುತ್ತೆ, ನಿಜ. ಹೊಟ್ಟೆಯಲ್ಲಿ ನಿಲ್ಲೋದು ಮಾತ್ರ ಹೀಗೇ.

ಪುಡಿಯಲ್ಲಿರೋ ಗ್ಲೂಕೋಸ್ ಉಪ್ಪನ್ನು ಕೈಹಿಡಿದು ಕರುಳಿನ ಗೋಡೆ ದಾಟಿಸುತ್ತೆ, ಹಿಂದೆಯೇ ನೀರೂ ಹೋಗುತ್ತೆ. ಅದಕ್ಕೇ ಅಳತೆ ತಪ್ಪಬಾರದು: 1 ಲೀಟರಿನ ಪೊಟ್ಟಣವನ್ನು ಪೂರ್ತಿ, ಕುದಿಸಿ ಆರಿಸಿದ 1 ಲೀಟರ್ ನೀರಿಗೇ ಹಾಕಿ. ರುಚಿಗೆ ಸಕ್ಕರೆ ಬೇಡವೇ ಬೇಡ, ಅಜ್ಜಿ ಎಷ್ಟೇ ಹೇಳಲಿ. 24 ಗಂಟೆ ಕಳೆದರೆ ಚೆಲ್ಲಿ.

ಎದೆಹಾಲು, ಗಂಜಿ, ಮೊಸರನ್ನ ನಿಲ್ಲಿಸಬೇಡಿ. ಡಾಕ್ಟರು ಬರೆದುಕೊಟ್ಟ ಜಿಂಕ್, ಭೇದಿ ನಿಂತ ಮೇಲೂ 14 ದಿನ ಮುಗಿಸಿ.

ಕಣ್ಣು ಗುಳಿಬಿದ್ದು ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ, ಆಸ್ಪತ್ರೆಗೆ ಹೊರಡಿ. ಕುಡಿಯುವಂತಿದ್ದರೆ ದಾರಿಯಲ್ಲೂ ಚಮಚ ನಡೆಯಲಿ.