ಜಪಾನಿ ಭಾಷಾಧ್ಯಯನ: ಖರ್ಚೋ, ಬಂಡವಾಳವೋ?

'ದೇಶ ಸುತ್ತು, ಕೋಶ ಓದು' ಎಂಬ ನಾಣ್ಣುಡಿಯ ಎರಡೂ ಭಾಗಗಳು ಒಟ್ಟಿಗೆ ಕೈಗೂಡುವುದು ಪರದೇಶದಲ್ಲಿ ನೆಲೆಸಿ ಅಲ್ಲಿನ ಭಾಷೆಯನ್ನು ಕಲಿಯುವಾಗ. ಕರ್ನಾಟಕದ ಕೈಗಾರಿಕಾ ವಲಯಕ್ಕೆ ಈ ಮಾತು ಜಪಾನಿನ ವಿಷಯದಲ್ಲಿ ಹೆಚ್ಚು ಅನ್ವಯಿಸುತ್ತದೆ. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆ ಸ್ಥಾಪನೆಗೊಂಡು ಬಿಡದಿಯಲ್ಲಿ ನೆಲೆಯೂರಿತು. 2013ರಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ ಕಾರ್ಯಾರಂಭ ಮಾಡಿತು. 2011ರ ಆಗಸ್ಟ್ 1ರಂದು ಭಾರತ-ಜಪಾನ್ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದ ಜಾರಿಗೆ ಬಂದಿತು. 'ಕೈಜೆನ್', 'ಕಾನ್ಬಾನ್' ಪದಗಳು ಬಿಡಿಭಾಗ ತಯಾರಕರ ನಿತ್ಯದ ಮಾತಿನಲ್ಲಿ ಬೆರೆತಿವೆ. ಆದರೆ ಭಾಷೆ ಬಲ್ಲವರು ವಿರಳ. ಮಕ್ಕಳನ್ನು ಟೋಕಿಯೋ, ಒಸಾಕಾ ನಗರಗಳ ಭಾಷಾ ಶಾಲೆಗಳಿಗೆ ಕಳುಹಿಸಲು ಯೋಚಿಸುವ ಉದ್ಯಮಿಗಳು ಹೊಸ ಯಂತ್ರ ಖರೀದಿಸುವಾಗ ತೋರುವಷ್ಟೇ ಎಚ್ಚರಿಕೆಯನ್ನು ಇಲ್ಲಿಯೂ ತೋರುವುದು ಅಗತ್ಯ.

ಕನ್ನಡಿಗರಿಗಿರುವ ಅನುಕೂಲ

ಜಪಾನಿ ವಾಕ್ಯರಚನೆ ಕನ್ನಡಕ್ಕೆ ಬಹು ಸಮೀಪವಾದುದು. 'ಪುಸ್ತಕವನ್ನು ಓದು' ಎಂಬುದಕ್ಕೆ ಅಲ್ಲಿ 'ಹೊನ್ ಓ ಯೊಮು' ಎನ್ನುತ್ತಾರೆ. 'ಹೊನ್' ಪುಸ್ತಕ, 'ಓ' ವಿಭಕ್ತಿಯಂತಹ ಪ್ರತ್ಯಯ, 'ಯೊಮು' ಕ್ರಿಯಾಪದ. ಕ್ರಿಯಾಪದ ಕೊನೆಗೆ ಬರುವ ಈ ಕ್ರಮವು ಇಂಗ್ಲಿಷ್ ಬಲ್ಲವನಿಗಿಂತ ಕನ್ನಡ ಬಲ್ಲವನಿಗೆ ಸಹಜವೆನಿಸುತ್ತದೆ. ಕಷ್ಟವಿರುವುದು ಲಿಪಿಯಲ್ಲಿ. ಹಿರಗಾನ, ಕಟಕಾನ ಲಿಪಿಗಳ ಜೊತೆಗೆ ನಿತ್ಯಬಳಕೆಗೆಂದು ಅಲ್ಲಿನ ಸರ್ಕಾರ ಪಟ್ಟಿ ಮಾಡಿರುವ 2,136 ಕಾಂಜಿ ಅಕ್ಷರಗಳಿವೆ.

ಪರೀಕ್ಷೆ ಅಳೆಯದ ಸಾಮರ್ಥ್ಯ

ಜಪಾನಿ ಭಾಷಾ ಪ್ರಾವೀಣ್ಯ ಪರೀಕ್ಷೆಯಲ್ಲಿ ಎನ್-5ರಿಂದ ಎನ್-1ರವರೆಗೆ ಐದು ಹಂತಗಳಿವೆ. ಎನ್-1 ಅತ್ಯುನ್ನತ ಹಂತ. ಬೆಂಗಳೂರಿನಲ್ಲಿಯೂ ಪರೀಕ್ಷಾ ಕೇಂದ್ರವಿದೆ. ಆದರೆ ಈ ಪರೀಕ್ಷೆಯು ಓದುವುದನ್ನೂ ಆಲಿಸುವುದನ್ನೂ ಅಳೆಯುತ್ತದೆಯೇ ಹೊರತು ಮಾತನಾಡುವುದನ್ನಲ್ಲ. ಆದ್ದರಿಂದ ಪ್ರಮಾಣಪತ್ರ ಪಡೆದವನೂ ಸಭೆಯಲ್ಲಿ ಮೂಕನಾಗಬಹುದು.

ವ್ಯವಹಾರದಲ್ಲಿ ಇದರ ಪರಿಣಾಮ ಸಣ್ಣದಲ್ಲ. ಜಪಾನಿನ ಖರೀದಿದಾರ 'ಹಾಯ್' ಎಂದು ತಲೆಯಾಡಿಸಿದರೆ 'ಕೇಳಿಸಿಕೊಳ್ಳುತ್ತಿದ್ದೇನೆ' ಎಂದಷ್ಟೇ ಅರ್ಥವಿರಬಹುದು, ಒಪ್ಪಿಗೆಯಲ್ಲ. 'ಕೆಂತೋ ಶಿಮಾಸು', ಅಂದರೆ 'ಪರಿಶೀಲಿಸುತ್ತೇವೆ' ಎಂಬುದು ಅನೇಕ ವೇಳೆ ಸೌಜನ್ಯದ ನಿರಾಕರಣೆ. ಅದನ್ನೇ ಭರವಸೆಯೆಂದು ನಂಬಿ ಕಚ್ಚಾಮಾಲು ಖರೀದಿಸಿದ ತಯಾರಕನ ಬಂಡವಾಳ ಗೋದಾಮಿನಲ್ಲಿ ಉಳಿಯುತ್ತದೆ. ಇಂತಹ ಸೂಕ್ಷ್ಮಗಳು ಆ ಜನರ ನಡುವೆ ಬಾಳುವುದರಿಂದ ಬಹುಬೇಗ ಮನದಟ್ಟಾಗುತ್ತವೆ. ವಿದೇಶವಾಸದ ನಿಜವಾದ ಲಾಭ ಇದೇ.

ಉದ್ಯೋಗದ ದಾರಿಗಳು

ಎಂಜಿನಿಯರ್, ಭಾಷಾಂತರ ಮುಂತಾದ ವೃತ್ತಿಗಳ ವೀಸಾಕ್ಕೆ ಸಾಮಾನ್ಯವಾಗಿ ಪದವಿ ಅಥವಾ ನಿಗದಿತ ಅನುಭವ ಬೇಕು. ಭಾಷೆಯೊಂದೇ ಸಾಲದು. 2019ರಲ್ಲಿ ಆರಂಭವಾದ 'ನಿರ್ದಿಷ್ಟ ಕುಶಲ ಕಾರ್ಮಿಕ' ವ್ಯವಸ್ಥೆಯ ಕುರಿತು 2021ರ ಜನವರಿಯಲ್ಲಿ ಭಾರತವೂ ಜಪಾನೂ ಒಡಂಬಡಿಕೆ ಮಾಡಿಕೊಂಡಿವೆ. ಇದರ ಮೊದಲ ವರ್ಗಕ್ಕೆ ಎನ್-4 ಮಟ್ಟದ ಭಾಷೆ ಮತ್ತು ಕುಶಲತಾ ಪರೀಕ್ಷೆ ಸಾಕಾದರೂ ವಾಸದ ಅವಧಿ ಸಾಮಾನ್ಯವಾಗಿ ಒಟ್ಟು ಐದು ವರ್ಷ; ಕುಟುಂಬವನ್ನು ಕರೆದೊಯ್ಯಲು ಅವಕಾಶವಿಲ್ಲ. ಉಪಕರಣ ವಿನ್ಯಾಸ, ಗುಣಮಟ್ಟ ನಿಯಂತ್ರಣ ಅಥವಾ ಲೆಕ್ಕಪತ್ರದಂತಹ ಒಂದು ವಿದ್ಯೆಯ ಜೊತೆ ಭಾಷೆಯೂ ಸೇರಿದಾಗ ಎರಡು ದೇಶಗಳ ನಡುವೆ ಸೇತುವೆಯಾಗಬಲ್ಲ ವೃತ್ತಿ ರೂಪುಗೊಳ್ಳುತ್ತದೆ.

ಗಮನಿಸಬೇಕಾದ ಲೆಕ್ಕಗಳು

1. ಅನುಮತಿ ಪಡೆದ ವಿದ್ಯಾರ್ಥಿಯು ಶಾಲಾ ದಿನಗಳಲ್ಲಿ ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು. ಮಧ್ಯವರ್ತಿಗಳು 'ದುಡಿದೇ ಎಲ್ಲ ವೆಚ್ಚ ತೀರಿಸಬಹುದು' ಎಂದರೆ ನಂಬಬಾರದು. ಮಿತಿ ಮೀರಿದರೆ ವೀಸಾಕ್ಕೇ ಕುತ್ತು.

2. ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬ ನಿವಾಸಿ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳುಹಿಸಬಹುದು. ನಿಗದಿತ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಕಳುಹಿಸುವ ಮೊತ್ತದ ಮೇಲಿನ ಮೂಲದಲ್ಲಿ ತೆರಿಗೆ ಸಂಗ್ರಹವನ್ನು 2025ರ ಏಪ್ರಿಲ್ 1ರಿಂದ ಕೈಬಿಡಲಾಗಿದೆ.

3. ಮಗನ ಅಥವಾ ಮಗಳ ಶಿಕ್ಷಣ ವೆಚ್ಚವನ್ನು ವ್ಯಾಪಾರದ ಖರ್ಚೆಂದು ತೋರಿಸುವುದು ಅಪಾಯಕಾರಿ. ವೆಚ್ಚವು ಸಂಪೂರ್ಣವಾಗಿ ವ್ಯವಹಾರಕ್ಕಾಗಿಯೇ ಎಂಬುದಕ್ಕೆ ದಾಖಲೆ ಇಲ್ಲದಿದ್ದರೆ ತೆರಿಗೆ ಅಧಿಕಾರಿಗಳು ಅದನ್ನು ವೈಯಕ್ತಿಕವೆಂದು ತಳ್ಳಿಹಾಕುತ್ತಾರೆ. ನೌಕರನನ್ನು ಕಳುಹಿಸುವಾಗಲೂ ತರಬೇತಿಯ ಉದ್ದೇಶ ಹಾಗೂ ಮರಳಿ ಸೇವೆ ಸಲ್ಲಿಸುವ ಷರತ್ತು ಬರವಣಿಗೆಯಲ್ಲಿರುವುದು ಲೇಸು.

4. 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಒಪ್ಪಂದದನ್ವಯ ಪಿಂಚಣಿಯ ಅರ್ಹತೆಗೆ ಎರಡೂ ದೇಶಗಳ ವಂತಿಗೆಯ ಅವಧಿಯನ್ನು ಕೂಡಿಸಲು ಅವಕಾಶವಿದೆ. ಸೇವಾ ದಾಖಲೆಗಳನ್ನು ಜೋಪಾನವಾಗಿಡಬೇಕು.

ಉಪಸಂಹಾರ

ಮೊದಲು ಊರಿನಲ್ಲೇ ಎನ್-4ರವರೆಗೆ ಕಲಿತು, ಅಭಿರುಚಿಯೂ ಶ್ರದ್ಧೆಯೂ ಖಚಿತವಾದ ಬಳಿಕ ವಿದೇಶಕ್ಕೆ ಹೋಗುವುದು ವಿವೇಕದ ಮಾರ್ಗ. ಅಲ್ಪ ವೆಚ್ಚದಲ್ಲಿ ಇಲ್ಲಿಯೇ ಕಲಿಯಬಹುದಾದ ಅಕ್ಷರಮಾಲೆಗಾಗಿ ಅಲ್ಲಿ ಯೆನ್ ಸುರಿಯುವುದು ನಷ್ಟದ ವ್ಯಾಪಾರ. ಕೈಯಲ್ಲೊಂದು ಕಸುಬಿದ್ದು, ಅದರ ಮೇಲೆ ಭಾಷೆ ಕಲಿತವನಿಗೆ ಆ ವೆಚ್ಚ ಬಂಡವಾಳ. ಕಸುಬಿಲ್ಲದೆ ಹೊರಟವನಿಗೆ ಬರಿಯ ಖರ್ಚು. ಮಕ್ಕಳು ಅಲ್ಲಿಯೇ ನೆಲೆಸಬಹುದೆಂಬುದನ್ನೂ ಕುಟುಂಬ ಮೊದಲೇ ಒಪ್ಪಿಕೊಂಡಿರಬೇಕು. ಮರಳಿ ಬಂದರೆ, ಗ್ರಾಹಕನ ದೂರನ್ನು ಅವನ ನುಡಿಯಲ್ಲೇ ಓದಬಲ್ಲ ಒಬ್ಬರು ಕಾರ್ಖಾನೆಗೆ ದೊರೆತಂತಾಗುತ್ತದೆ.